ಮೊದಲ ಸಲ ಬಂದವರು ಎರಡನೇ ದಿನ ಕಾಣಿಸುವುದಿಲ್ಲ: ಸೈಫೈ ಕನ್ವೆನ್ಷನ್‌ನ ಪ್ರೋಗ್ರಾಮಿಂಗ್‌ನಲ್ಲಿ ಏನು ಬದಲಿಸಬೇಕು?

ಧೂಮಕೇತು (ಪ್ರಶ್ನೆ)

ಅಭಿಮಾನಿಗಳೇ ಸೇರಿ ನಡೆಸುವ ಸೈಫೈ (ವಿಜ್ಞಾನ ಕಥೆಗಳ) ಕನ್ವೆನ್ಷನ್ ಒಂದರ ಮುಂದಿನ ಆವೃತ್ತಿಗೆ ಪ್ರೋಗ್ರಾಮಿಂಗ್ ತಂಡ, ಅಂದರೆ ಕಾರ್ಯಕ್ರಮಗಳನ್ನು ಯೋಜಿಸುವ ತಂಡ, ಕಟ್ಟುತ್ತಿದ್ದೇವೆ. ಶುಕ್ರವಾರದಿಂದ ಭಾನುವಾರದವರೆಗೆ ಮೂರು ದಿನ, ಸುಮಾರು 400 ಜನ. 150 ಕುರ್ಚಿಯ ಒಂದು ದೊಡ್ಡ ಹಾಲ್, 50 ಕುರ್ಚಿಯ ಮೂರು ಕೋಣೆ, ಮೇಜಿನ ಸುತ್ತ ಹನ್ನೆರಡು ಜನ ಕೂರಬಹುದಾದ ಒಂದು ಚಿಕ್ಕ ಕೋಣೆ ಇವೆ.

ತೊಂದರೆ ಎರಡು. ಐದೂ ಕೋಣೆಗಳಲ್ಲಿ ಎಡೆಬಿಡದೆ ಏನಾದರೊಂದು ನಡೆಯುತ್ತಿರುತ್ತದೆ, ಆದರೆ ದೊಡ್ಡ ಹಾಲ್ ತುಂಬಿ ಉಳಿದ ಕಡೆ ಆರೇಳು ಜನ ಕೂತಿರುತ್ತಾರೆ. ಪ್ಯಾನೆಲ್‌ನಲ್ಲಿ, ಅಂದರೆ ವೇದಿಕೆ ಮೇಲಿನ ಚರ್ಚೆಯಲ್ಲಿ, ಕೂರುವವರು ವಿಷಯ ಬಲ್ಲವರೇ, ಆದರೂ ಅರ್ಧ ಹೊತ್ತು ತಮ್ಮ ಪರಿಚಯದಲ್ಲೇ ಕಳೆದುಹೋಗುತ್ತದೆ. ಎರಡನೆಯದು ಹೊಸಬರದು. ಶುಕ್ರವಾರ ಸಂಜೆ ಬ್ಯಾಡ್ಜ್ ಹಾಕಿಕೊಂಡು ಬರುತ್ತಾರೆ, ಹಿಂದಿನ ಸಾಲಿನಲ್ಲಿ ಕೂತು ಎರಡು ಪ್ಯಾನೆಲ್ ಕೇಳುತ್ತಾರೆ, ಶನಿವಾರ ಮಧ್ಯಾಹ್ನದ ಹೊತ್ತಿಗೆ ಇರುವುದಿಲ್ಲ. ವಿಚಾರಿಸಿದರೆ ಬರುವ ಉತ್ತರ ಒಂದೇ: “ಚೆನ್ನಾಗಿತ್ತು, ಆದರೆ ಯಾರ ಪರಿಚಯವೂ ಆಗಲಿಲ್ಲ.”

ದೊಡ್ಡ ಹೆಸರಿನ ಅತಿಥಿಗಳನ್ನು ಕರೆಸಲು ದುಡ್ಡಿಲ್ಲ, ಆ ಸಲಹೆ ಬೇಡ. ಇರುವ ಜನ, ಇರುವ ಕೋಣೆಗಳಲ್ಲೇ ಏನು ಸರಿಮಾಡಬಹುದು? ಬಲ್ಲವರು ವಿವರವಾಗಿ ಬರೆಯಿರಿ, ಉದ್ದವಾದರೂ ಪರವಾಗಿಲ್ಲ.

ಗ್ರಿಡ್‌ಪ್ರಿಯ

ಧೂಮಕೇತು ಅವರೇ, ನೀವು ಎರಡು ತೊಂದರೆ ಅಂತ ಬರೆದಿದ್ದೀರಿ, ನನಗೆ ಕಾಣುವುದು ಒಂದೇ. ಹಳಬರು ಬರುವುದು ಗೆಳೆಯರನ್ನು ನೋಡಲು, ವೇಳಾಪಟ್ಟಿ ಅವರಿಗೊಂದು ನೆಪ. ಹೊಸಬರಿಗೆ ಕೈಯಲ್ಲಿರುವ ವೇಳಾಪಟ್ಟಿ ಬಿಟ್ಟರೆ ಅಲ್ಲಿ ಬೇರೆ ಗತಿಯೇ ಇಲ್ಲ. ಅವರನ್ನು ಯಾರಿಗಾದರೂ ಪರಿಚಯ ಮಾಡಿಸುವ ಕೆಲಸವನ್ನೂ ವೇಳಾಪಟ್ಟಿಯೇ ಮಾಡಬೇಕು. ನಿಮ್ಮದು ಈಗ ಬರೀ ಕೂತು ಕೇಳುವ ಪಟ್ಟಿ.

ಮೊದಲು ಲೆಕ್ಕ ನೋಡಿ. 400 ಜನ ಬಂದಿದ್ದಾರೆ ಅಂದರೆ ಒಂದು ಗಂಟೆಯಲ್ಲಿ ಕಾರ್ಯಕ್ರಮದೊಳಗೆ ಇರುವವರು ಹೆಚ್ಚೆಂದರೆ 150 ಅಂತ ಇಟ್ಟುಕೊಳ್ಳಿ. ಉಳಿದವರು ಡೀಲರ್ಸ್ ರೂಮ್‌ನಲ್ಲಿ (ಮಾರಾಟದ ಕೋಣೆ) ಪುಸ್ತಕ ತಿರುವುತ್ತಿರುತ್ತಾರೆ, ಊಟಕ್ಕೆ ಹೋಗಿರುತ್ತಾರೆ, ಕಾರಿಡಾರ್‌ನಲ್ಲಿ ಹರಟುತ್ತಿರುತ್ತಾರೆ, ಕೆಲವರು ಎದ್ದೇ ಇರುವುದಿಲ್ಲ. ಈ 150ರಲ್ಲಿ 90 ಜನ ಹಾಲ್‌ಗೆ ಹೋದರೆ ನಾಲ್ಕು ಕೋಣೆಗೆ ಉಳಿಯುವುದು 60, ತಲಾ 15. ಅದೂ ಸಮವಾಗಿ ಹಂಚಿಹೋದರೆ. ಹಾಗೆ ಎಲ್ಲೂ ಹಂಚಿಹೋಗುವುದಿಲ್ಲ, ಆದ್ದರಿಂದಲೇ ನಿಮ್ಮ ಆರೇಳು ಜನರ ಕೋಣೆ. ವಿಷಯದಲ್ಲಿ ದೋಷವಿಲ್ಲ, ಏಕಕಾಲಕ್ಕೆ ನಡೆಯುವ ಪ್ಯಾನೆಲ್ ಹೆಚ್ಚಾಗಿದೆ.

50 ಕುರ್ಚಿಯ ಒಂದು ಕೋಣೆಯನ್ನು ಪ್ಯಾನೆಲ್ ಪಟ್ಟಿಯಿಂದ ತೆಗೆದುಬಿಡಿ. ಕುರ್ಚಿಗಳನ್ನು ಗೋಡೆಗೆ ಸರಿಸಿ ಐದಾರು ಮೇಜು ಹಾಕಿ. ಬರವಣಿಗೆ ಕಮ್ಮಟ, ಕಾಸ್ಟ್ಯೂಮ್ ಹೊಲಿಗೆ, ಬೋರ್ಡ್ ಗೇಮ್, ಕಲ್ಪಿತ ಗ್ರಹದ ನಕ್ಷೆ ಬಿಡಿಸುವುದು, ಇಂಥವನ್ನೆಲ್ಲ ಅಲ್ಲಿಗೆ ತನ್ನಿ. ಪ್ಯಾನೆಲ್‌ನಲ್ಲಿ ಪಕ್ಕದವರ ಜೊತೆ ಮಾತಾಡಲು ಎಡೆಯೇ ಇಲ್ಲ. ಮೇಜಿನ ಮುಂದೆ ಕೂತರೆ ಕತ್ತರಿ ಕೇಳುವ ನೆಪದಲ್ಲಾದರೂ ಮಾತು ಶುರುವಾಗುತ್ತದೆ. ನಾನು ಪಾಲಿಸುವ ನಿಯಮ: ಬೆಳಗ್ಗೆ 11ರಿಂದ ರಾತ್ರಿ 9ರವರೆಗೆ ಯಾವ ಗಂಟೆಯಲ್ಲೇ ವೇಳಾಪಟ್ಟಿ ತೆರೆದರೂ ಕೈ ಅಥವಾ ಬಾಯಿಗೆ ಕೆಲಸವಿರುವ ಒಂದು ಕಾರ್ಯಕ್ರಮವಾದರೂ ಕಾಣಬೇಕು.

ಇನ್ನು ವಿಷಯಗಳ ಆಯ್ಕೆ. ಒಂಬತ್ತು ತಿಂಗಳ ಮುಂಚೆ ಎಲ್ಲರಿಗೂ ತೆರೆದ ಒಂದು ಫಾರ್ಮ್ ಹಾಕಿ ಸಲಹೆ ಸಂಗ್ರಹಿಸಿ. ಬರುವುದರಲ್ಲಿ ಹೆಚ್ಚಿನವು ಬರೀ ಶೀರ್ಷಿಕೆ: “ಬಾಹ್ಯಾಕಾಶದಲ್ಲಿ ಕೃಷಿ”. ಅದನ್ನು ಹಾಗೇ ಅಚ್ಚು ಹಾಕಿದರೆ ಪ್ಯಾನೆಲ್‌ನವರಿಗೂ ಗೊತ್ತಿಲ್ಲ, ಕೇಳುಗರಿಗೂ ಗೊತ್ತಿಲ್ಲ ಏನು ನಡೆಯುತ್ತದೆ ಅಂತ. 40ರಿಂದ 60 ಪದಗಳ ವಿವರಣೆ ಬರೆಯಿರಿ, ಅದರಲ್ಲಿ ಉತ್ತರ ಭಿನ್ನವಾಗಬಹುದಾದ ಒಂದು ಪ್ರಶ್ನೆ ಇರಲೇಬೇಕು. ಉದಾಹರಣೆಗೆ: “ಮೂರು ತಲೆಮಾರು ಪಯಣಿಸುವ ಹಡಗಿನಲ್ಲಿ ಮಣ್ಣು ಎಲ್ಲಿಂದ ಬರುತ್ತದೆ? ನೀರಿನ ಹನಿಹನಿಗೂ ಲೆಕ್ಕವಿಡುವ ಸಮಾಜದಲ್ಲಿ ಯಾವುದು ಅಪರಾಧ? ಸತ್ತವರ ದೇಹವನ್ನು ಗೊಬ್ಬರ ಮಾಡುವುದು ಕಥೆಗಾರರಿಗೆ ಯಾಕೆ ಅಷ್ಟು ಸಲೀಸು, ಓದುಗರಿಗೆ ಯಾಕೆ ಅಷ್ಟು ಕಷ್ಟ?” ಇದನ್ನು ಓದಿದ ಹೊಸಬರಿಗೆ ತಮಗೂ ಹೇಳಲು ಏನೋ ಇದೆ ಅನ್ನಿಸುತ್ತದೆ. ಜೊತೆಗೆ ವಿವರಣೆಯ ಕೊನೆಯಲ್ಲಿ ಒಂದು ಸಾಲು ಸೇರಿಸಿ: “ಮೊದಲೇ ಏನೂ ಓದಿರಬೇಕಿಲ್ಲ” ಅಥವಾ “ಈ ಸರಣಿಯ ಕೊನೆಯವರೆಗಿನ ಕಥೆ ಬಯಲಾಗುತ್ತದೆ”. ಈ ಒಂದು ಸಾಲಿಗೆ ಹೊಸಬರು ಎಷ್ಟು ಋಣಿಗಳಾಗಿರುತ್ತಾರೆಂದು ಹಳಬರಿಗೆ ಅಂದಾಜಿಲ್ಲ.

ಆರು ತಿಂಗಳು ಉಳಿದಾಗ ಆ ಪಟ್ಟಿಯನ್ನು ಪ್ಯಾನೆಲ್‌ಗೆ ಬರಲು ಒಪ್ಪಿದವರಿಗೆ ಕಳಿಸಿ. ಪ್ರತಿ ವಿಷಯಕ್ಕೂ 1ರಿಂದ 4ರವರೆಗೆ ಆಸಕ್ತಿಯ ಅಂಕ, ಪಕ್ಕದಲ್ಲಿ “ಈ ವಿಷಯಕ್ಕೆ ನಾನೇ ಯಾಕೆ” ಅಂತ ಎರಡು ಸಾಲಿನ ಖಾಲಿ ಜಾಗ. ಈ ಖಾಲಿ ಜಾಗವೇ ಮುಖ್ಯ. ಬರೀ ಅಂಕ ಕೇಳಿದರೆ ಎಲ್ಲದಕ್ಕೂ 4 ಹಾಕುವವರು ಇರುತ್ತಾರೆ. ಮಾಡರೇಟರ್ (ಚರ್ಚೆ ನಡೆಸುವವರು) ಆಗಲು ಇಷ್ಟವಿದೆಯೇ, ದಿನಕ್ಕೆ ಎಷ್ಟು ಕಾರ್ಯಕ್ರಮ ಸಾಕು, ಎಷ್ಟು ಹೊತ್ತಿಗೆ ಬಂದಿಳಿಯುತ್ತೀರಿ, ಯಾರ ಜೊತೆ ಕೂರಿಸಬಾರದು, ಇವನ್ನೂ ಕೇಳಿ. ಕೊನೆಯ ಪ್ರಶ್ನೆಯ ಉತ್ತರವನ್ನು ತಂಡದ ಒಬ್ಬಿಬ್ಬರು ಮಾತ್ರ ನೋಡಬೇಕು, ಕಾರಣ ಕೇಳಲೇಬಾರದು.

ನಾಲ್ಕು ತಿಂಗಳು ಉಳಿದಾಗ ವಿಷಯ ಅಂತಿಮ, ಮೂರು ತಿಂಗಳಿಗೆ ಕರಡು ವೇಳಾಪಟ್ಟಿ, ಎಂಟು ವಾರಕ್ಕೆ ಪ್ಯಾನೆಲ್‌ನವರ ಒಪ್ಪಿಗೆ, ಆರು ವಾರಕ್ಕೆ ಪ್ರಕಟಣೆ. ಎರಡು ವಾರ ಉಳಿದಾಗ ಬೀಗ ಹಾಕಿಬಿಡಿ. ಆಮೇಲಿನ ಬದಲಾವಣೆಗಳು ನೋಂದಣಿ ಮೇಜಿನ ಪಕ್ಕದ ಬೋರ್ಡ್‌ನಲ್ಲಿ ಮತ್ತು ಆನ್‌ಲೈನ್ ಪಟ್ಟಿಯಲ್ಲಿ ಮಾತ್ರ. ಮುದ್ರಿತ ಪಟ್ಟಿಗೂ ಆನ್‌ಲೈನ್ ಪಟ್ಟಿಗೂ ತಾಳೆಯಾಗದಿದ್ದರೆ ಹಳಬರು ಯಾರನ್ನಾದರೂ ಕೇಳಿ ತಿಳಿದುಕೊಳ್ಳುತ್ತಾರೆ, ಹೊಸಬರು ಮಾತ್ರ ಖಾಲಿ ಕೋಣೆಯ ಮುಂದೆ ನಿಂತಿರುತ್ತಾರೆ.

ಕರಡು ತಯಾರಾದ ಮೇಲೆ ನೋಡಬೇಕಾದವು: ಒಬ್ಬರೇ ಒಂದೇ ಹೊತ್ತಿಗೆ ಎರಡು ಕಡೆ ಇಲ್ಲ ತಾನೆ, ರಾತ್ರಿ 11ಕ್ಕೆ ಮುಗಿಸಿದವರನ್ನು ಬೆಳಗ್ಗೆ 10ಕ್ಕೆ ಕೂರಿಸಿಲ್ಲ ತಾನೆ, ಒಂದೇ ಬಗೆಯ ಓದುಗರನ್ನು ಸೆಳೆಯುವ ಎರಡು ವಿಷಯ ಎದುರುಬದುರಾಗಿಲ್ಲ ತಾನೆ, ಉದ್ಘಾಟನೆ ಮತ್ತು ಮಾಸ್ಕ್ವೆರೇಡ್ (ವೇಷಭೂಷಣ ಪ್ರದರ್ಶನ) ಎದುರು ಏನೂ ಇಲ್ಲ ತಾನೆ. 50 ನಿಮಿಷ ಕಾರ್ಯಕ್ರಮ, 10 ನಿಮಿಷ ಬಿಡುವು. ಆ ಹತ್ತು ನಿಮಿಷವನ್ನು ಯಾರಿಗೂ ಬಿಟ್ಟುಕೊಡಬೇಡಿ. ಒಬ್ಬರಿಗೆ ಇಡೀ ವಾರಾಂತ್ಯದಲ್ಲಿ ಮೂರು ಅಥವಾ ನಾಲ್ಕು ಕಾರ್ಯಕ್ರಮ ಸಾಕು. ಅದಕ್ಕಿಂತ ಹೆಚ್ಚಾದರೆ ಎಲ್ಲ ಕೋಣೆಯಲ್ಲೂ ಅದೇ ಹತ್ತು ಮುಖ ಕಾಣುತ್ತವೆ, ಇದು ಒಂದು ಗುಂಪಿನ ಮನೆಕಾರ್ಯಕ್ರಮ ಅಂತ ಹೊಸಬರು ತೀರ್ಮಾನಿಸಿಬಿಡುತ್ತಾರೆ.

ಸಾಫ್ಟ್‌ವೇರ್ ಬಗ್ಗೆ ಹೇಳುವುದಾದರೆ, ಈ ಕೆಲಸಕ್ಕೆಂದೇ ಕನ್ವೆನ್ಷನ್‌ನವರು ಬರೆದುಕೊಂಡ ಜಾಂಬಿಯಾ, ಪ್ಲಾನೊರಾಮಾ ಇವೆ. ಮೊಬೈಲ್‌ನಲ್ಲಿ ಓದಲು ಕಾನ್‌ಓಪಾಸ್, ಕಾನ್‌ಕ್ಲಾರ್ ಥರದವು ಇವೆ. ನಿಮ್ಮ ಗಾತ್ರಕ್ಕೆ, ಅಂದರೆ ನೂರರ ಆಸುಪಾಸಿನ ಕಾರ್ಯಕ್ರಮಗಳಿಗೆ, ಒಂದು ಒಳ್ಳೆಯ ಸ್ಪ್ರೆಡ್‌ಶೀಟ್ ಮತ್ತು ಗೋಡೆಗೆ ಅಂಟಿಸಿದ ಬಣ್ಣದ ಚೀಟಿ ಸಾಕು.

ಹಸಿರು ಕೋಣೆ

ಗ್ರಿಡ್‌ಪ್ರಿಯ ಅವರು ಪ್ಯಾನೆಲ್ ಒಳಗೆ ಏನಾಗುತ್ತದೆ ಅನ್ನುವುದನ್ನು ಬಿಟ್ಟಿದ್ದಾರೆ, ಅದನ್ನು ನಾನು ಬರೆಯುತ್ತೇನೆ.

50 ನಿಮಿಷದ ಪ್ಯಾನೆಲ್‌ನಲ್ಲಿ ಐದು ಜನ, ತಲಾ ಮೂರು ನಿಮಿಷ ಸ್ವಪರಿಚಯ ಅಂದರೆ 15 ನಿಮಿಷ ಹೋಯಿತು. ಆರನೆಯವರನ್ನು ಮುಲಾಜಿಗೆ ಸೇರಿಸಿಕೊಂಡಿದ್ದರೆ 18. ಒಬ್ಬ ಮಾಡರೇಟರ್, ಮೂವರು ಮಾತುಗಾರರು, ಅಷ್ಟಕ್ಕೇ ನಿಲ್ಲಿಸಿ. ಪರಿಚಯವನ್ನು ಮಾಡರೇಟರ್ ಮಾಡಬೇಕು, ಒಬ್ಬೊಬ್ಬರಿಗೆ ಎರಡು ವಾಕ್ಯ: ಹೆಸರು, ಮತ್ತು ಈ ವಿಷಯಕ್ಕೆ ಅವರು ಯಾಕೆ. ಅದು ಸರ್ವೆಯ ಆ ಖಾಲಿ ಜಾಗದಲ್ಲಿ ಅವರೇ ಬರೆದುಕೊಟ್ಟಿರುತ್ತಾರೆ, ಎತ್ತಿಕೊಂಡರೆ ಆಯಿತು. ಎರಡು ನಿಮಿಷದಲ್ಲಿ ಮುಗಿಯುತ್ತದೆ. ಪೂರ್ತಿ ಪರಿಚಯ ಬೇಕಾದವರಿಗೆ ಆನ್‌ಲೈನ್ ಪಟ್ಟಿ ಇದೆಯಲ್ಲ.

ಮಾಡರೇಟರ್‌ಗೆ ಮೂರು ವಾರ ಮುಂಚೆ ಮೇಲ್ ಹೋಗಬೇಕು. ಅವರು ಉಳಿದ ಮೂವರಿಗೆ ಬರೆದು, ತಾವು ಕೇಳಲಿರುವ ಮೂರು ಪ್ರಶ್ನೆ ತಿಳಿಸಬೇಕು. ಉತ್ತರಗಳನ್ನು ಮಾತ್ರ ಮೇಲ್‌ನಲ್ಲಿ ಚರ್ಚಿಸಬಾರದು. ಅಲ್ಲೇ ವಾದ ಮಾಡಿ ಮುಗಿಸಿದರೆ ವೇದಿಕೆ ಮೇಲೆ ಸಪ್ಪೆಯಾಗುತ್ತದೆ, “ಮೊನ್ನೆ ಹೇಳಿದೆನಲ್ಲ” ಅನ್ನುವ ಮಾತು ಬರುತ್ತದೆ, ಕೇಳುವವರಿಗೆ ತಲೆಬುಡ ಗೊತ್ತಾಗುವುದಿಲ್ಲ.

ಮಾಡರೇಟರ್ ಮೇಜಿನ ತುದಿಯಲ್ಲಿ ಕೂರಬೇಕು, ನಡುವೆ ಕೂತರೆ ಎರಡೂ ಕಡೆಯವರ ಮುಖ ಒಟ್ಟಿಗೆ ಕಾಣುವುದಿಲ್ಲ. ಯಾರೋ ಬಾಯಿ ತೆರೆದು ಸುಮ್ಮನಾದದ್ದು ತುದಿಯಿಂದ ಮಾತ್ರ ಕಣ್ಣಿಗೆ ಬೀಳುತ್ತದೆ. ಬರೆದ ಪುಸ್ತಕಗಳನ್ನು ಮೇಜಿನ ಮೇಲೆ ಗೋಡೆ ಕಟ್ಟಿದ ಹಾಗೆ ನಿಲ್ಲಿಸಿಕೊಳ್ಳುವ ಲೇಖಕರಿಗೆ ಒಂದು ಪುಸ್ತಕ ಸಾಕೆಂದು ಮೊದಲೇ ತಿಳಿಸಿ. ಹಿಂದಿನ ಸಾಲಿನಲ್ಲಿ ಒಬ್ಬ ಸ್ವಯಂಸೇವಕರು ಮೂರು ರಟ್ಟು ಹಿಡಿದು ಕೂರಲಿ: “10”, “5”, “ಮುಗಿಸಿ”. ಅಕ್ಷರ ಅಂಗೈಯಷ್ಟು ದೊಡ್ಡದಿರಲಿ. ಮಾಡರೇಟರ್ ರಟ್ಟು ನೋಡಿ ತಲೆಯಾಡಿಸುವವರೆಗೆ ಇಳಿಸಬಾರದು.

ಮೈಕ್ ವಿಷಯದಲ್ಲಿ ದಯವಿಟ್ಟು ರಾಜಿ ಬೇಡ. “ನನ್ನ ದನಿ ಜೋರಿದೆ, ಮೈಕ್ ಬೇಡ” ಅನ್ನುವವರು ಪ್ರತಿ ಸಲ ಇರುತ್ತಾರೆ. ಶ್ರವಣಸಾಧನ ಹಾಕಿಕೊಂಡವರಿಗೆ ಇಂಡಕ್ಷನ್ ಲೂಪ್ (ಮೈಕ್‌ನ ದನಿಯನ್ನು ನೇರ ಶ್ರವಣಸಾಧನಕ್ಕೆ ಕಳಿಸುವ ತಂತಿ) ಮೂಲಕ ಕೇಳುವುದು ಮೈಕ್‌ಗೆ ಬಿದ್ದ ಮಾತು ಮಾತ್ರ. ಆನ್‌ಲೈನ್‌ನಲ್ಲಿ ನೋಡುವವರಿಗೂ ಅಷ್ಟೆ. ಎಲ್ಲರಿಗೂ ಕೇಳುತ್ತಿದೆಯಾ ಅಂತ ಕೂಗಿ ಕೇಳಿದರೆ, ಕೇಳಿಸದವರಿಗೆ ಆ ಪ್ರಶ್ನೆಯೂ ಕೇಳಿಸಿರುವುದಿಲ್ಲ. ಇಬ್ಬರಿಗೊಂದು ಮೈಕ್ ಆದರೂ ಬೇಕು. ಬಾಯಿಯಿಂದ ಒಂದು ಮುಷ್ಟಿ ದೂರ ಹಿಡಿಯಲು ಹೇಳಿ. ಸಭೆಯಿಂದ ಬಂದ ಪ್ರಶ್ನೆಯನ್ನು ಮಾಡರೇಟರ್ ಮೈಕ್‌ನಲ್ಲಿ ಮತ್ತೊಮ್ಮೆ ಹೇಳಿಯೇ ಉತ್ತರಕ್ಕೆ ಹೋಗಬೇಕು.

ಪ್ರಶ್ನೋತ್ತರವನ್ನು ಕೊನೆಯ ಐದು ನಿಮಿಷಕ್ಕೆ ತಳ್ಳಿದರೆ ಕೈ ಎತ್ತುವವರು ರೂಢಿಯಾದ ಹಳಬರೇ. 30ನೇ ನಿಮಿಷಕ್ಕೆ ಶುರುಮಾಡಿ. ಶುರುಮಾಡುವ ಮುಂಚೆ ಒಂದು ನಿಮಿಷ ನಿಲ್ಲಿಸಿ, “ಪಕ್ಕದವರಿಗೆ ನಿಮ್ಮ ಪ್ರಶ್ನೆ ಒಮ್ಮೆ ಹೇಳಿ ನೋಡಿ” ಅನ್ನಿ. ಪ್ರಶ್ನೆ ಚಿಕ್ಕದಾಗುತ್ತದೆ, ಸುಮ್ಮನಿದ್ದವರಿಗೆ ಧೈರ್ಯ ಬರುತ್ತದೆ, ಅಕ್ಕಪಕ್ಕದ ಇಬ್ಬರಿಗೆ ಪರಿಚಯವೂ ಆಯಿತು. ಪ್ರಶ್ನೆ ಬಿಟ್ಟು ಭಾಷಣಕ್ಕೆ ಇಳಿದವರನ್ನು ಅರ್ಧ ನಿಮಿಷಕ್ಕೆ ತಡೆದು “ಇದರಲ್ಲಿ ಪ್ಯಾನೆಲ್‌ಗೆ ನಿಮ್ಮ ಪ್ರಶ್ನೆ ಯಾವುದು?” ಅಂತ ನಗುತ್ತಲೇ ಕೇಳಬಹುದು. ಈ ವಾಕ್ಯವನ್ನು ಮಾಡರೇಟರ್‌ಗೆ ಬರೆದು ಕೊಡಿ. ಆ ಹೊತ್ತಿನಲ್ಲಿ ಮಾತು ಹುಡುಕುವುದು ಕಷ್ಟ.

ಮುಗಿದ ಮೇಲೆ ಪ್ಯಾನೆಲ್‌ನವರು ಅಲ್ಲೇ ನಿಂತು ಹರಟಬಾರದು, ಮುಂದಿನವರಿಗೆ ಜಾಗ ಬೇಕು. “ಇನ್ನೂ ಮಾತಾಡುವವರು ನನ್ನ ಜೊತೆ ಕಾರಿಡಾರ್‌ನ ಮೇಜಿಗೆ ಬನ್ನಿ” ಅಂತ ಒಬ್ಬರು ಮೈಕ್‌ನಲ್ಲಿ ಹೇಳಿ ಕರೆದುಕೊಂಡು ಹೋಗಲಿ. ಆ ಮೇಜು ವೇಳಾಪಟ್ಟಿಯ ನಕ್ಷೆಯಲ್ಲೂ ಇರಬೇಕು.

ಬಾಗಿಲ ಬಳಿ

ಹೊಸಬರ ಭಾಗಕ್ಕೆ ಬರುತ್ತೇನೆ. 1939ರಲ್ಲಿ ನ್ಯೂಯಾರ್ಕ್‌ನಲ್ಲಿ ನಡೆದ ಮೊಟ್ಟಮೊದಲ ವರ್ಲ್ಡ್‌ಕಾನ್‌ನ (ವಿಶ್ವ ಸೈಫೈ ಕನ್ವೆನ್ಷನ್) ಬಾಗಿಲಲ್ಲೇ ಆರು ಮಂದಿ ಅಭಿಮಾನಿಗಳನ್ನು ತಡೆದು ಹೊರಗಿಟ್ಟರು, ಗುಂಪುಗಳ ಜಗಳದಿಂದಾಗಿ. ಈಗ ಯಾರೂ ಯಾರನ್ನೂ ಹಾಗೆ ತಡೆಯುವುದಿಲ್ಲ. ಆದರೆ ಒಳಗಿನವರೆಲ್ಲ ಒಬ್ಬರಿಗೊಬ್ಬರು ಬೆನ್ನು ತೋರದೆ ದುಂಡಗೆ ನಿಂತು ಮಾತಾಡುತ್ತಿದ್ದರೆ ಹೊರಗಿನಿಂದ ಬಂದವರಿಗೆ ಕಾಣುವುದು ಬರೀ ಬೆನ್ನು. ಎರಿಕ್ ಹೋಲ್ಶರ್ ಅನ್ನುವ ಪ್ರೋಗ್ರಾಮರ್ ಇದಕ್ಕೆ ಬಾಯ್ತೆರೆದ ದುಂಡು ವಿಡಿಯೋ ಗೇಮ್ ಪಾತ್ರದ ಹೆಸರಿನಲ್ಲಿ ಪ್ಯಾಕ್‌ಮ್ಯಾನ್ ನಿಯಮ ಅಂತ ಒಂದನ್ನು ಪ್ರಚಾರಕ್ಕೆ ತಂದರು: ಗುಂಪಾಗಿ ನಿಂತಾಗ ಒಬ್ಬರು ನಿಲ್ಲುವಷ್ಟು ಜಾಗ ಖಾಲಿ ಬಿಡಿ, ಆ ಜಾಗಕ್ಕೆ ಯಾರಾದರೂ ಬಂದರೆ ಸರಿದು ಮತ್ತೊಂದು ಜಾಗ ಮಾಡಿ. ಟೆಕ್ ಸಮ್ಮೇಳನಗಳಲ್ಲಿ ಬಳಕೆಯಲ್ಲಿದೆ, ನಮಗೂ ಹಾಗೇ ಒಗ್ಗುತ್ತದೆ. ಉದ್ಘಾಟನೆಯಲ್ಲಿ ಹೇಳಿ, ಪೋಸ್ಟರ್ ಹಾಕಿ.

ಎರಡು ವಾರ ಮುಂಚೆ ಮೊದಲ ಸಲದವರಿಗೆ ಬೇರೆಯೇ ಮೇಲ್ ಕಳಿಸಿ. ಅವರಲ್ಲಿ ಹೆಚ್ಚಿನವರ ಕಲ್ಪನೆ ಟಿಕೆಟ್ ಕೊಂಡು ನಟರ ಹಸ್ತಾಕ್ಷರಕ್ಕೆ ಸಾಲು ನಿಲ್ಲುವ ವಾಣಿಜ್ಯ ಮೇಳದ್ದು. ಇಲ್ಲಿ ಕೊಳ್ಳುವುದು ಸದಸ್ಯತ್ವ, ನಡೆಸುವವರೂ ಸದಸ್ಯರೇ, ಯಾರಿಗೂ ಸಂಬಳವಿಲ್ಲ, ಲೇಖಕರು ಪಕ್ಕದ ಕುರ್ಚಿಯಲ್ಲೇ ಕೂತಿರಬಹುದು, ಮಾತಾಡಿಸಬಹುದು. ಇದನ್ನು ಬಿಡಿಸಿ ಬರೆಯಿರಿ. ಕಾನ್‌ಸ್ವೀಟ್ ಅಂದರೆ ಎಲ್ಲ ಸದಸ್ಯರಿಗೂ ತೆರೆದಿರುವ ತಿಂಡಿ-ಕಾಫಿ ಕೋಣೆ, ಫಿಲ್ಕ್ ಅಂದರೆ ಅಭಿಮಾನಿಗಳು ಕಟ್ಟಿ ಹಾಡುವ ಹಾಡು, ಕಾಫಿಕ್ಲಾಚ್ ಅಂದರೆ ಒಬ್ಬ ಲೇಖಕರ ಜೊತೆ ಹತ್ತು ಜನ ಮೇಜಿನ ಸುತ್ತ ಕೂತು ಹರಟುವುದು. ಅರ್ಧ ಪುಟ ಸಾಕು. ದಿನಕ್ಕೆ ಕನಿಷ್ಠ 5 ಗಂಟೆ ನಿದ್ದೆ, 2 ಊಟ, 1 ಸ್ನಾನ ಅನ್ನುವ ಹಳೆಯ 5-2-1 ಸೂತ್ರವನ್ನೂ ಸೇರಿಸಿ, ಅದು ಹಳಬರಿಗೂ ಬೇಕು.

ಬ್ಯಾಡ್ಜ್: ಹೆಸರು ಎರಡು ಮೀಟರ್ ದೂರದಿಂದ ಓದಲು ಬರಬೇಕು, ಅಂದರೆ ಅಕ್ಷರದ ಎತ್ತರ ಒಂದು ಸೆಂಟಿಮೀಟರ್‌ಗೆ ಕಮ್ಮಿ ಬೇಡ. ಕನ್ವೆನ್ಷನ್‌ನ ಲೋಗೋ ದೊಡ್ಡದಾಗಿ ಹಾಕಿ ಹೆಸರನ್ನು ಮೂಲೆಗೆ ತಳ್ಳುವುದು ಎಲ್ಲ ಕಡೆ ಕಾಣುವ ತಪ್ಪು. ಎಲ್ಲರೂ ಯಾವ ಕನ್ವೆನ್ಷನ್‌ನಲ್ಲಿದ್ದೇವೆ ಅಂತ ಬಲ್ಲರು, ಎದುರಿಗಿರುವವರ ಹೆಸರು ಮಾತ್ರ ಗೊತ್ತಿಲ್ಲ. ಎರಡೂ ಬದಿಗೆ ಮುದ್ರಿಸಿ, ಒಂದೇ ದಾರದಲ್ಲಿ ನೇತಾಡುವ ಬ್ಯಾಡ್ಜ್ ಅರ್ಧ ಹೊತ್ತು ಮಗುಚಿಕೊಂಡೇ ಇರುತ್ತದೆ.

ಈಗ ಮುಖ್ಯವಾದದ್ದು, ಮೊದಲ ಸಲದವರ ಕೂಟ. ಇದನ್ನು ಬಹಳ ಕಡೆ ಒಂದು ಪ್ಯಾನೆಲ್ ಮಾಡಿಬಿಡುತ್ತಾರೆ: ನಾಲ್ಕು ಜನ ಹಿರಿಯರು ವೇದಿಕೆ ಮೇಲೆ ಕೂತು ಹಿಂದಿನ ಕನ್ವೆನ್ಷನ್‌ಗಳ ನೆನಪು ಹಂಚಿಕೊಳ್ಳುತ್ತಾರೆ, ಹೊಸಬರು ಕೇಳಿ ಎದ್ದು ಹೋಗುತ್ತಾರೆ. ಬಂದದ್ದು ಒಂಟಿಯಾಗಿ, ಹೋದದ್ದೂ ಒಂಟಿಯಾಗಿ. ಬದಲು ಹೀಗೆ ಮಾಡಿ. ಮೇಜಿಗೆ ಐದಾರು ಹೊಸಬರು, ಒಬ್ಬ ಹಳಬರು. ಎಲ್ಲರ ಕೈಗೂ ಮುದ್ರಿತ ವೇಳಾಪಟ್ಟಿ ಮತ್ತು ಪೆನ್. ಹತ್ತು ನಿಮಿಷ ಎಲ್ಲರೂ ತಮಗೆ ಬೇಕಾದ ಮೂರು ಕಾರ್ಯಕ್ರಮಕ್ಕೆ ಸುತ್ತು ಹಾಕಲಿ. ಆಮೇಲೆ ಒಬ್ಬೊಬ್ಬರೂ ಹೆಸರು ಹೇಳಿ, ಸುತ್ತು ಹಾಕಿದ್ದನ್ನು ಓದಲಿ. ಇಬ್ಬರದು ಹೊಂದಿಕೆಯಾದ ಕೂಡಲೇ ಹಳಬರು ಕೇಳಬೇಕು: “ನೀವಿಬ್ಬರೂ ಒಟ್ಟಿಗೆ ಹೋಗುತ್ತೀರಾ? ಎಲ್ಲಿ ಸಿಗುತ್ತೀರಿ?” ಜಾಗ ಮತ್ತು ಹೊತ್ತು ನಿಗದಿಯಾಗುವವರೆಗೆ ಬಿಡಬಾರದು. ಅಲ್ಲಿಗೆ 25 ನಿಮಿಷ. ಉಳಿದ 20 ನಿಮಿಷ ಅದೇ ಗುಂಪನ್ನು ಕರೆದುಕೊಂಡು ಒಂದು ಸುತ್ತು: ಮಾಹಿತಿ ಮೇಜು, ಕಾನ್‌ಸ್ವೀಟ್, ಡೀಲರ್ಸ್ ರೂಮ್, ಮೌನದ ಕೋಣೆ, ಶೌಚಾಲಯ, ದೂರು ಕೊಡುವ ಜಾಗ. ಕಾನ್‌ಸ್ವೀಟ್‌ನಲ್ಲಿ ಕೊನೆಗೊಳಿಸಿ, ಅಲ್ಲೇ ಬಿಟ್ಟು ಬನ್ನಿ. ಶುಕ್ರವಾರ ಉದ್ಘಾಟನೆಗೆ ಮುಂಚೆ ಒಮ್ಮೆ, ಶನಿವಾರ ಬೆಳಗ್ಗೆ 10ಕ್ಕೆ ಇನ್ನೊಮ್ಮೆ. ಶನಿವಾರದ್ದನ್ನು ಬಿಡಬೇಡಿ, ಕೆಲಸ ಮುಗಿಸಿ ತಡವಾಗಿ ಬಂದವರಿಗೆ ಅದೇ ಮೊದಲನೆಯದು.

ಮೇಜಿಗೊಬ್ಬರಂತೆ ಕೂರುವ ಈ ಹಳಬರಿಗೆ, ಅಂದರೆ ಆತಿಥೇಯರಿಗೆ, ಒಂದೇ ತರಬೇತಿ. “ಇಂಥ ಪುಸ್ತಕ ಓದಿದ್ದೀರಾ?” ಅಂತ ಕೇಳಬಾರದು, ಅದು ಪರೀಕ್ಷೆ. ಇಲ್ಲ ಅಂದರೆ ಮಾತು ಅಲ್ಲೇ ಸಾಯುತ್ತದೆ. “ಈಚೆಗೆ ಏನು ಓದಿದಿರಿ, ಏನು ನೋಡಿದಿರಿ?” ಅಂತ ಕೇಳಿ. ಉತ್ತರ ಒಂದು ವಿಡಿಯೋ ಗೇಮ್ ಆಗಿದ್ದರೂ ಅಲ್ಲಿಂದಲೇ ಮುಂದುವರಿಸಿ.

ಹೊಸಬರು ಕಳೆದುಹೋಗುವ ನಿಜವಾದ ಹೊತ್ತು ಸಂಜೆ 6ರಿಂದ 8. ಹಳಬರು ಗುಂಪುಗುಂಪಾಗಿ ಊಟಕ್ಕೆ ಹೊರಡುತ್ತಾರೆ, ಹೊಸಬರು ತಾವು ಉಳಿದುಕೊಂಡ ಕೋಣೆಗೆ ಹೋಗಿ ಮತ್ತೆ ಬರುವುದಿಲ್ಲ. 5 ಗಂಟೆಗೆ ಮಾಹಿತಿ ಮೇಜಿನಲ್ಲಿ ಊಟದ ಹಾಳೆ ಇಡಿ: ಹಾಳೆಗೆ ಆರು ಹೆಸರು, ಮೊದಲ ಹೆಸರು ಆತಿಥೇಯರದು, ಹೊರಡುವ ಹೊತ್ತು, ಸುಮಾರು ಖರ್ಚು ಮೇಲೆಯೇ ಬರೆದಿರಲಿ. ಖರ್ಚು ಬರೆಯದಿದ್ದರೆ ಹೆಸರು ಬರೆಯಲು ಹಿಂಜರಿಯುತ್ತಾರೆ. ರಾತ್ರಿಯ ಪಾರ್ಟಿಗಳ ಬಾಗಿಲು ತೆರೆದೇ ಇರಲಿ, “ಎಲ್ಲರಿಗೂ ಸ್ವಾಗತ, ಒಳಗೆ ಬನ್ನಿ” ಅನ್ನುವ ಫಲಕ ಇರಲಿ.

ಕಾಫಿಕ್ಲಾಚ್ ಹೆಸರು ನೋಂದಣಿ ಎಷ್ಟು ಹೊತ್ತಿಗೆ ತೆರೆಯುತ್ತದೆ ಅಂತ ಹಳಬರಿಗೆ ಗೊತ್ತು, ತೆರೆದ ಕೂಡಲೇ ತುಂಬುತ್ತದೆ. ಹತ್ತರಲ್ಲಿ ಎರಡು ಜಾಗ ಮೊದಲ ಸಲದವರಿಗೆ ಮೀಸಲಿಡಿ, ಅರ್ಧ ಗಂಟೆ ಮುಂಚೆಯವರೆಗೆ ಯಾರೂ ಬರದಿದ್ದರೆ ಮಾತ್ರ ಬೇರೆಯವರಿಗೆ ಕೊಡಿ. ಫಿಲ್ಕ್ ಕೂಟವನ್ನು ರಾತ್ರಿಯ ಮೊದಲ ಒಂದು ಗಂಟೆ ಸರದಿಯ ಪದ್ಧತಿಯಲ್ಲಿ ನಡೆಸಿ: ವೃತ್ತದಲ್ಲಿ ಒಬ್ಬೊಬ್ಬರ ಸರದಿ ಬಂದಾಗ ತಾವೇ ಹಾಡಬಹುದು, ಬೇರೆಯವರಿಂದ ಕೇಳಬಯಸಬಹುದು, ಇಲ್ಲವೇ ಮುಂದಿನವರಿಗೆ ಬಿಟ್ಟುಕೊಡಬಹುದು. ಯಾರು ಬೇಕಾದರೂ ನುಗ್ಗಿ ಹಾಡುವ ಪದ್ಧತಿಯಲ್ಲಿ ಹೊಸಬರಿಗೆ ಸರದಿಯೇ ಸಿಗುವುದಿಲ್ಲ.

ಶನಿಯ ಉಂಗುರ

ಎಲ್ಲಕ್ಕೂ ಒಪ್ಪಿಗೆ. ಒಂದನ್ನು ಸೇರಿಸಬೇಕು, ಯಾಕೆಂದರೆ ಯಾರಾದರೂ ಇಲ್ಲಿ ಬರೆದೇ ಬರೆಯುತ್ತಾರೆ: “ಮೊದಲ ಸಲ” ಅನ್ನುವ ರಿಬ್ಬನ್ ಅನ್ನು ಹೊಸಬರ ಬ್ಯಾಡ್ಜ್‌ಗೆ ನೋಂದಣಿ ಮೇಜಿನಲ್ಲೇ ಅಂಟಿಸಬೇಡಿ. ಕೆಲವರಿಗೆ ಇಷ್ಟ, ಕೆಲವರಿಗೆ ಗುರುತು ಹಚ್ಚಿದ ಹಾಗೆ. ಬುಟ್ಟಿಯಲ್ಲಿಡಿ, ಬೇಕಾದವರು ತೆಗೆದುಕೊಳ್ಳಲಿ. ಹಳಬರಿಗೆ “ನನ್ನನ್ನು ಕೇಳಿ” ಅನ್ನುವ ರಿಬ್ಬನ್ ಕೊಡುವುದು ಇನ್ನೂ ಮೇಲು. ಮಾತಾಡಿಸುವ ಹೊರೆ ಹಳಬರ ಮೇಲೆ ಬೀಳಬೇಕು.

ಮಾತಿಗೆ ಸಿದ್ಧರಿಲ್ಲದವರಿಗೂ ದಾರಿ ಬೇಕು. ಆಟಿಸಂ ಇರುವವರ ಸಮುದಾಯದಿಂದ ಬಂದ ಬಣ್ಣದ ಪಟ್ಟಿಗಳು ಈಗ ಹಲವು ಕನ್ವೆನ್ಷನ್‌ಗಳಲ್ಲಿವೆ: ಹಸಿರು ಅಂದರೆ ಯಾರು ಬೇಕಾದರೂ ಮಾತಾಡಿಸಿ, ಹಳದಿ ಅಂದರೆ ಪರಿಚಯದವರು ಮಾತ್ರ, ಕೆಂಪು ಅಂದರೆ ಈಗ ಬೇಡ. ಬಣ್ಣ ಗುರುತಿಸಲಾಗದವರಿಗಾಗಿ ಪಟ್ಟಿಯ ಮೇಲೆ ಪದವನ್ನೂ ಮುದ್ರಿಸಿ.

ಕುರ್ಚಿಗಳ ಬಗ್ಗೆ: 1977ರಲ್ಲಿ ಅಮೆರಿಕದ ಮ್ಯಾಡಿಸನ್‌ನಲ್ಲಿ ಶುರುವಾದ ವಿಸ್ಕಾನ್ ಅನ್ನುವ ಸೈಫೈ ಕನ್ವೆನ್ಷನ್ ನೀಲಿ ಟೇಪ್‌ಗೆ ಹೆಸರಾಗಿತ್ತು. ಗಾಲಿಕುರ್ಚಿಯ ಜಾಗ, ಓಡಾಡುವ ದಾರಿ ಎರಡನ್ನೂ ನೆಲದ ಮೇಲೆ ಟೇಪ್ ಹಾಕಿ ಗುರುತಿಸುತ್ತಿದ್ದರು. ಗಾಲಿಕುರ್ಚಿಯ ಜಾಗ ಹಿಂದಿನ ಗೋಡೆಗೆ ಮಾತ್ರ ಬೇಡ, ಮುಂದೆಯೂ ನಡುವೆಯೂ ಇರಲಿ, ಪಕ್ಕದಲ್ಲಿ ಜೊತೆಗಾರರಿಗೆ ಒಂದು ಕುರ್ಚಿ ಉಳಿಯಲಿ. ಓಡಾಡುವ ದಾರಿ ಒಂದು ಮೀಟರ್ ಅಗಲಕ್ಕೆ ಕಮ್ಮಿ ಆಗಬಾರದು. ವೇದಿಕೆಗೆ ರ‍್ಯಾಂಪ್ ಇಲ್ಲದಿದ್ದರೆ ಪ್ಯಾನೆಲ್ ಪೂರ್ತಿ ನೆಲದ ಮೇಲೆ ಕೂರಲಿ, ಒಬ್ಬರನ್ನು ಕೆಳಗೆ ಕೂರಿಸಿ ಉಳಿದವರು ಮೇಲೆ ಕೂರುವುದು ಅವಮಾನ.

ಧೂಮಕೇತು

ಎಲ್ಲರಿಗೂ ತುಂಬಾ ಧನ್ಯವಾದ. ಕೋಣೆ ಕಮ್ಮಿ ಮಾಡುವ ಲೆಕ್ಕ ನಮಗೆ ಹೊಳೆದೇ ಇರಲಿಲ್ಲ. ಇನ್ನೆರಡು ಪ್ರಶ್ನೆ. ಸುಮಾರು 80 ಜನ ಹೊಸಬರು ಬರಬಹುದು, ಆರಕ್ಕೊಬ್ಬರಂತೆ ಆತಿಥೇಯರು ಅಂದರೆ 14 ಜನ ಬೇಕು. ಸ್ವಯಂಸೇವಕರೇ ಸಾಲದಿರುವಾಗ ಎಲ್ಲಿಂದ ತರುವುದು? ಮತ್ತೆ, ಇದೆಲ್ಲ ಫಲ ಕೊಟ್ಟಿತೋ ಇಲ್ಲವೋ ಅಂತ ತಿಳಿಯುವುದು ಹೇಗೆ?

ಬಾಗಿಲ ಬಳಿ

14 ಜನ ಏಕಕಾಲಕ್ಕೆ ಬೇಕಾಗುವುದಿಲ್ಲ ಧೂಮಕೇತು ಅವರೇ. 80ರಲ್ಲಿ ಎಲ್ಲರೂ ಕೂಟಕ್ಕೆ ಬರುವುದಿಲ್ಲ, ಬಂದವರೂ ಎರಡು ಹೊತ್ತಿಗೆ ಹಂಚಿಹೋಗುತ್ತಾರೆ. ಹೊತ್ತಿಗೆ ಐದಾರು ಆತಿಥೇಯರು ಸಾಕು. ಕಾರ್ಯಕಾರಿ ಸಮಿತಿಯವರನ್ನು ಹಾಕಬೇಡಿ, ಅವರ ಫೋನ್ ನಿಲ್ಲದೆ ಬಡಿದುಕೊಳ್ಳುತ್ತಿರುತ್ತದೆ. ಕಳೆದ ಸಲ ಮೊದಲ ಬಾರಿ ಬಂದು ಈ ಸಲ ಮತ್ತೆ ನೋಂದಾಯಿಸಿದವರನ್ನು ಕೇಳಿ. ಯಾವುದು ಅರ್ಥವಾಗಲಿಲ್ಲ ಅನ್ನುವುದು ಅವರಿಗೆ ಇನ್ನೂ ನೆನಪಿರುತ್ತದೆ, ಅವರು ಒಳಗಿನ ಜೋಕುಗಳನ್ನೂ ಹೇಳುವುದಿಲ್ಲ. ಕೇಳುವುದು 45 ನಿಮಿಷ ಮಾತ್ರ ಅಂತ ಸ್ಪಷ್ಟವಾಗಿ ಬರೆದರೆ ಒಪ್ಪುತ್ತಾರೆ.

ಹೊಸಬರನ್ನೇ ಸ್ವಯಂಸೇವಕರಾಗಲು ಕರೆಯುವುದೂ ಒಳ್ಳೆಯದೇ, ಅದರಷ್ಟು ಬೇಗ ಪರಿಚಯ ಮಾಡಿಸುವುದು ಬೇರೆ ಇಲ್ಲ. ಆದರೆ ಎರಡು ಗಂಟೆಯ ಪಾಳಿ, ಜೊತೆಗೆ ಅನುಭವವಿರುವ ಒಬ್ಬರು ಇರಲೇಬೇಕು. ಖಾಲಿ ಕಾರಿಡಾರ್‌ನಲ್ಲಿ ಬಾಗಿಲು ಕಾಯಲು ಒಬ್ಬರನ್ನೇ ನಿಲ್ಲಿಸಿದರೆ ಒಂಟಿತನಕ್ಕೆ ಕೆಲಸ ಸೇರಿತು, ಅಷ್ಟೆ.

ದೂರಿನ ವ್ಯವಸ್ಥೆ ಬಗ್ಗೆ ಯಾರೂ ಬರೆದಿಲ್ಲ. ನಡವಳಿಕೆಯ ನಿಯಮ ಒಂದು ಪುಟದೊಳಗಿರಲಿ. ದೂರು ಕೊಡುವ ಫೋನ್ ಸಂಖ್ಯೆ ಬ್ಯಾಡ್ಜ್‌ನ ಹಿಂಬದಿಯಲ್ಲಿ ಹೆಸರಿನ ಕೆಳಗೇ ಇರಲಿ. ಯಾವ ಹೊತ್ತಿನಲ್ಲೂ ಇಬ್ಬರು ಪಾಳಿಯಲ್ಲಿರಬೇಕು, ಇಬ್ಬರೂ ಒಂದೇ ಗೆಳೆಯರ ಬಳಗದವರಾಗಬಾರದು. ದೂರು ಯಾರ ಮೇಲೋ ಅವರ ಗೆಳೆಯರೇ ಮೇಜಿನಲ್ಲಿ ಕೂತಿದ್ದರೆ ಹೊಸಬರು ಬಾಯಿ ಬಿಡುವುದಿಲ್ಲ, ಸುಮ್ಮನೆ ಊರಿಗೆ ಹೊರಟುಬಿಡುತ್ತಾರೆ.

ಗ್ರಿಡ್‌ಪ್ರಿಯ

ಎರಡನೇ ಪ್ರಶ್ನೆಗೆ. ಪ್ರತಿ ಕೋಣೆಯಲ್ಲೂ ಎರಡು ಸಲ ತಲೆ ಎಣಿಸಿ, 10ನೇ ನಿಮಿಷಕ್ಕೆ ಮತ್ತು 40ನೇ ನಿಮಿಷಕ್ಕೆ. ರಟ್ಟು ಹಿಡಿಯುವ ಸ್ವಯಂಸೇವಕರೇ ಬರೆದುಕೊಳ್ಳಲಿ. 45 ಜನ ಬಂದು 20 ಉಳಿದರೆ ವಿವರಣೆ ಚೆನ್ನಾಗಿತ್ತು, ಪ್ಯಾನೆಲ್ ಕೈಕೊಟ್ಟಿತು. 12 ಬಂದು 12 ಉಳಿದರೆ ಪ್ಯಾನೆಲ್ ಚೆನ್ನಾಗಿತ್ತು, ಹೊತ್ತು ಅಥವಾ ಶೀರ್ಷಿಕೆ ತಪ್ಪಿತ್ತು. ಒಂದೇ ಸಂಖ್ಯೆ ಇದ್ದರೆ ಈ ಎರಡರ ವ್ಯತ್ಯಾಸ ತಿಳಿಯುವುದಿಲ್ಲ, ಮುಂದಿನ ಸಲ ತಪ್ಪು ಕಡೆ ಕತ್ತರಿ ಹಾಕುತ್ತೀರಿ. ದೊಡ್ಡ ಹಾಲ್ ತುಂಬಿ ಬಾಗಿಲಿಂದ ಎಷ್ಟು ಜನ ವಾಪಸಾದರು ಅನ್ನುವುದನ್ನೂ ಬರೆಯಲು ಹೇಳಿ.

ಭಾನುವಾರದ ಅಹವಾಲು ಸಭೆಯನ್ನು ನೆಚ್ಚಬೇಡಿ. ಅಲ್ಲಿಗೆ ಬರುವವರು ಉಳಿದುಕೊಂಡವರು, ನಿಮಗೆ ಬೇಕಾದದ್ದು ಹೊರಟುಹೋದವರ ಮಾತು. ಮೊದಲ ಸಲದವರ ಕೂಟದಲ್ಲೇ ಒಂದು ಅಂಚೆಕಾರ್ಡ್ ಗಾತ್ರದ ಚೀಟಿ ಕೊಡಿ. ಪ್ರಶ್ನೆ ಎರಡೇ: “ಯಾವ ಹೊತ್ತಿನಲ್ಲಿ ಎಲ್ಲಿಗೆ ಹೋಗಬೇಕೋ ತೋಚಲಿಲ್ಲ?” ಮತ್ತು “ಹೊಸದಾಗಿ ಯಾರ ಜೊತೆಯಾದರೂ ಐದು ನಿಮಿಷ ಮಾತಾಡಿದಿರಾ, ಎಲ್ಲಿ?” ಪೆಟ್ಟಿಗೆ ಹೊರಬಾಗಿಲ ಹತ್ತಿರ ಇರಲಿ. ಶನಿವಾರ ಮಧ್ಯಾಹ್ನ 1ಕ್ಕೆ ಪೆಟ್ಟಿಗೆ ತೆಗೆದು ಓದಿ, ಸಂಜೆಗೇ ಸರಿಮಾಡಬಹುದಾದದ್ದು ಇದ್ದರೆ ಮಾಡಿ. ಮೊದಲ ಪ್ರಶ್ನೆಗೆ “ರಾತ್ರಿ 9ರ ಮೇಲೆ” ಅಂತ ನಾಲ್ಕಾರು ಚೀಟಿ ಬಂದರೆ ಕೈಕೆಲಸದ ಕೋಣೆಯ ಬೀಗವನ್ನು 11ರವರೆಗೆ ತೆರೆದಿಟ್ಟು, ಮೇಜಿನ ಮೇಲೆ ಬೋರ್ಡ್ ಗೇಮ್ ಇಟ್ಟು, ಬೋರ್ಡ್‌ನಲ್ಲಿ ಬರೆದುಹಾಕಿ. ಬೀಗದ ಕೈ ಯಾರ ಹತ್ತಿರ ಇರುತ್ತದೆ ಅನ್ನುವುದನ್ನು ಶುಕ್ರವಾರವೇ ತೀರ್ಮಾನಿಸಿಕೊಳ್ಳಿ.